ಗ್ಯೊಕುರೊ ಮತ್ತು ಮರುವಾಯಿ ನೀರು

ಹಾಲಿಲ್ಲ, ಸಕ್ಕರೆಯಿಲ್ಲ, ಸರಿಯಾದ ಬಿಸಿಯೂ ಇಲ್ಲ. ಸಿಡ್ನಿಯ ರೌಸ್ ಹಿಲ್‌ಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಜಪಾನಿನ ಕೇಕೊ ಸಾನ್ ಕೈಗಿತ್ತ ಚಹಾ ಪುಟ್ಟ ಬಟ್ಟಲಿನ ತಳದಲ್ಲಿ ಎರಡು ಚಮಚದಷ್ಟಿತ್ತು. ಬಾಯಿಗೆ ಬಿಟ್ಟುಕೊಂಡರೆ ಕಡಲ ಪಾಚಿಯ ಸಾರು! ನಮ್ಮೂರು ಪಡುಬಿದ್ರಿಯಲ್ಲಿ ಅತಿಥಿಗೆ ಇಂಥದ್ದು ಕೊಟ್ಟಿದ್ದರೆ ಊರೆಲ್ಲ ಸುದ್ದಿಯಾಗುತ್ತಿತ್ತು.

ಸಾನ್ ಎಂದರೆ ನಮ್ಮ 'ಅವರು' ಎಂಬಂತೆ, ಗೌರವದ ಮಾತು. ಎಪ್ಪತ್ತು ದಾಟಿದ ಕೇಕೊ ಸಾನ್ ನಕ್ಕು, "ನುಂಗಬೇಡ, ನಾಲಿಗೆಯ ಮೇಲೆ ಸ್ವಲ್ಪ ಇರಲಿ" ಎಂದರು. ಆ ಚಹಾದ ಹೆಸರು ಗ್ಯೊಕುರೊ. ಕೊಯ್ಲಿಗೆ ಮುಂಚೆ ಗಿಡಗಳಿಗೆ ನೆರಳು ಕಟ್ಟಿ ಬೆಳೆಸುವ ಎಲೆ. ಕುದಿನೀರು ತಾಗಿದರೆ ಕಹಿಯಾಗುತ್ತದೆ. ನಮ್ಮಲ್ಲಿ ಚಹಾ ಕುದಿದಷ್ಟೂ ರುಚಿ. ಇಲ್ಲಿ ನೀರು ಆರುವುದನ್ನು ಕಾಯುವುದೇ ಕೆಲಸ.

ಆಮೇಲೆ ಪ್ರತಿ ಶನಿವಾರ ಅಲ್ಲಿಗೆ ಹೋಗತೊಡಗಿದೆ. ಜೊತೆಗೆ ರಶ್ಮಿ. ದಾವಣಗೆರೆಯವಳು, ಓದಲು ಬಂದು ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಪಡೆದು ಹತ್ತಿರದ ನಾರ್ವೆಸ್ಟ್‌ನಲ್ಲಿ ಕೆಲಸ ಹಿಡಿದವಳು. ಒಂದೇ ಮನೆಯಲ್ಲಿ ರೆಂಟ್ ಹಂಚಿಕೊಂಡು ಇದ್ದೆವು. ನನಗೆ ಇಲ್ಲಿ ಕನ್ನಡದಲ್ಲಿ ಮನಸ್ಸು ಬಿಚ್ಚಲು ಇದ್ದವಳು ಅವಳೊಬ್ಬಳೇ.

ಮರುವರ್ಷ ಅಮ್ಮ ತೀರಿಕೊಂಡರು. ನನ್ನ ಅರ್ಜಿ ಇತ್ಯರ್ಥವಾಗುವವರೆಗಿನ ತಾತ್ಕಾಲಿಕ ಬ್ರಿಡ್ಜಿಂಗ್ ವೀಸಾದಲ್ಲಿದ್ದೆ. ದೇಶ ಬಿಟ್ಟರೆ ವಾಪಸು ಬರಲು ಬಿಡುತ್ತಾರೆಂಬ ಖಾತ್ರಿ ಇರಲಿಲ್ಲ. ಹೋಗಲಿಲ್ಲ. ಆ ಶನಿವಾರ ಗ್ಯೊಕುರೊ ಬಾಯಿಗಿಟ್ಟಾಗ ಥಟ್ಟನೆ ಗುರುತು ಹತ್ತಿತು. ಅಮ್ಮ ಹೊಳೆಬಾಯಿಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ತಂದು ಬೇಯಿಸಿ, ಜ್ವರ ಬಿಟ್ಟ ನನಗೆ ಅದರ ನೀರನ್ನು ಲೋಟದಲ್ಲಿ ಕೊಡುತ್ತಿದ್ದರು. ಅದೇ ರುಚಿ. ಅತ್ತುಬಿಟ್ಟೆ. ಕೇಕೊ ಸಾನ್‌ಗೂ ರಶ್ಮಿಗೂ ಎಲ್ಲ ಹೇಳಿದೆ. ರಶ್ಮಿ ನನ್ನ ಕೈ ಹಿಡಿದು ಕೂತಿದ್ದಳು.

ಮುಂದೆ ಅವಳು ಮೆಲ್ಬರ್ನ್‌ಗೆ ಹೋದಳು. ಅಲ್ಲಿ ಭಾನುವಾರಗಳಂದು ಚಹಾ ಸವಿಯುವ ಕೂಟ ಶುರು ಮಾಡಿ, "ಬಾರೇ, ನಿನಗೊಂದು ಸೀಟ್ ಇಟ್ಟಿರ್ತೀನಿ" ಎಂದು ಕರೆದಳು. ಖುಷಿಯಿಂದ ವಿಮಾನ ಹತ್ತಿದೆ.

ಹತ್ತು ಹನ್ನೆರಡು ಜನ. ರಶ್ಮಿ ನೀರು ಆರಿಸಿ, ಗ್ಯೊಕುರೊ ಬಗ್ಗಿಸಿ, ಮೆಲುದನಿಯ ಇಂಗ್ಲಿಷಿನಲ್ಲಿ ಹೇಳತೊಡಗಿದಳು: "ನನ್ನ ಅಮ್ಮ ಹೊಳೆಬಾಯಿಯಲ್ಲಿ ಚಿಪ್ಪು ಹೆಕ್ಕುತ್ತಿದ್ದರು. ನನಗೆ ಜ್ವರ ಬಿಟ್ಟ ದಿನ..."

ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಮೀನಿನ ವಾಸನೆಗೇ ಮೂಗು ಮುಚ್ಚುವ ರಶ್ಮಿಯ ಅಮ್ಮ ದಾವಣಗೆರೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಇಲ್ಲಿ ಅವರನ್ನು ತೀರಿಹೋದವರೆಂದೇ ಎಲ್ಲರೂ ತಿಳಿದರು. "ಆ ಚಿಪ್ಪಿಗೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ?" ಎಂದು ಯಾರೋ ಕೇಳಿದರು. ರಶ್ಮಿ ನನ್ನತ್ತ ನೋಡಿದಳು. ನಾನು ಬಟ್ಟಲು ನೋಡುತ್ತ ಕೂತೆ. ಆ ಹೆಸರೊಂದನ್ನು ಮಾತ್ರ ಕೊಡಲಿಲ್ಲ.

ಎಲ್ಲ ಹೋದ ಮೇಲೆ ಕೇಳಿದೆ: "ಅದು ನನ್ನ ಅಮ್ಮ ಅಲ್ವಾ ರಶ್ಮಿ?"

"ಅಯ್ಯೋ, ಸೀರಿಯಸ್ ಆಗ್ಬೇಡ್ವೇ. ಇಲ್ಲಿನವರಿಗೆ ಒಂದು ಸ್ಟೋರಿ ಬೇಕು. ಬೆಣ್ಣೆದೋಸೆ ಕಥೆ ಹೇಳಿದ್ರೆ ಈ ಟೀಗೆ ಸೆಟ್ ಆಗುತ್ತಾ?"

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

ಹೌದು, ಬೇಡ ಎನ್ನುತ್ತಿದ್ದೆ. ಬ್ಯಾಗು ಎತ್ತಿಕೊಂಡು ಹೊರಟೆ. ಬಾಗಿಲವರೆಗೂ ಅವಳು ಬರಲಿಲ್ಲ.

ಸಿಡ್ನಿಗೆ ಮರಳಿದವಳೇ ಊರಿಗೆ ಫೋನ್ ಮಾಡಿ ಅಕ್ಕನ ಹತ್ತಿರ ಎಲ್ಲ ತೋಡಿಕೊಂಡೆ. ಅವಳೂ ರಶ್ಮಿಯನ್ನು ಬಯ್ಯುತ್ತಾಳೆಂದುಕೊಂಡಿದ್ದೆ. ಅಕ್ಕ ಕೇಳಿದ್ದೇ ಬೇರೆ:

"ಅಮ್ಮ ಹೋದ ಮೇಲೆ ನನ್ನ ಹತ್ರ ಒಂದು ದಿನವೂ ಅಮ್ಮನ ಸುದ್ದಿ ತೆಗೀಲಿಲ್ಲ ನೀನು. ಅಲ್ಲಿ ಆ ಜಪಾನಿನವರ ಎದುರು ಅತ್ತಿಯಾ ಮಾರಾಯ್ತಿ?"

ರಶ್ಮಿಯ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ಅಂದು ಫೋನಿನಲ್ಲಿ, ನಮ್ಮ ಮನೆಮಾತಾದ ತುಳುವಿನಲ್ಲಿ, ಅಮ್ಮ ನಿನಗೂ ಮರುವಾಯಿ ನೀರು ಕೊಡುತ್ತಿದ್ದರಾ ಎಂದು ಅಕ್ಕನನ್ನು ಕೇಳಿದೆ.