ಮಹಡಿಯಲ್ಲಿ ಜ್ವರ, ಕೆಳಗೆ ಬ್ಯಾಂಡು

ಮಹೇಶ್ವರಪ್ಪ ಸರ್ ಅಮೆರಿಕದ ಅಧ್ಯಕ್ಷರ ಹೆಸರುಗಳನ್ನು ಬೋರ್ಡಿನ ಮೇಲೆ ಒಮ್ಮೆ ಬರೆಯುತ್ತಿದ್ದರು, ಅಷ್ಟೆ. ಆಮೇಲೆ ಅವರೆಲ್ಲ ಹಳೇಬೀಡಿನಲ್ಲಿ ಸರ್ ವಾಸವಾಗಿದ್ದ ಬೀದಿಯ ಜನರಾಗಿಬಿಡುತ್ತಿದ್ದರು. ಗುಲಾಮಗಿರಿಯ ಪ್ರಶ್ನೆಗೆ ದೇಶ ಎರಡಾಗಿ ಹೊಡೆದಾಡಿದ ಕಾಲದ ಅಧ್ಯಕ್ಷ 'ಉದ್ದನೆಯಪ್ಪ'. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಲಿಕುರ್ಚಿಯಲ್ಲಿ ಕೂತು ದೇಶ ನಡೆಸಿದವರು 'ಕುರ್ಚಿಯಪ್ಪ'.

"ಹೆಸರು, ಇಸವಿ ಪುಸ್ತಕದಲ್ಲಿದೆ, ಓದ್ಕೊಳಿ. ಯುದ್ಧ ನಡೀತಿರುವಾಗ ಅವರ ಮನೇಲಿ ಏನು ನಡೀತಿತ್ತು, ಅದನ್ನ ನಾನು ಹೇಳ್ತೀನಿ" ಎನ್ನುತ್ತಿದ್ದರು.

ಆಳು ಗಿಡ್ಡ, ದನಿ ಮಾತ್ರ ದೊಡ್ಡದು. ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಶರಟು, ಮಣಿಕಟ್ಟಿನವರೆಗೆ ಗುಂಡಿ. ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷಕ್ಕೆ ಅಮೆರಿಕದ ಇತಿಹಾಸ ಒಂದು ಪತ್ರಿಕೆ. ಅದನ್ನು ಅವರು ಇಪ್ಪತ್ತೆರಡು ವರ್ಷ ಪಾಠ ಮಾಡಿದರು, ಇಪ್ಪತ್ತೆರಡೂ ವರ್ಷ ಅತಿಥಿ ಉಪನ್ಯಾಸಕರಾಗಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಕರೆದರೆ ಕೆಲಸ, ಇಲ್ಲದಿದ್ದರೆ ಇಲ್ಲ. "ಇಷ್ಟು ವರ್ಷ ಉಳಿದ ಅತಿಥೀನ ಕಂಡ್ರೆ ಮನೆಯೋರೇ ಎದ್ದು ಹೋಗ್ತಾರೆ" ಎಂದು ನಗುತ್ತಿದ್ದರು.

ನಾನು ಅವರ ವಿದ್ಯಾರ್ಥಿನಿಯಾಗಿದ್ದಾಗ ಕೇಳಿದ ಒಂದು ಪಾಠ ಈಗಲೂ ಕಿವಿಯಲ್ಲಿದೆ. ಅವತ್ತು ಉದ್ದನೆಯಪ್ಪನ ಸರದಿ. ಯುದ್ಧ ಶುರುವಾಗಿ ವರ್ಷ ತುಂಬಿಲ್ಲ. ಅಧ್ಯಕ್ಷರ ಮನೆಯಲ್ಲಿ ದೊಡ್ಡ ಔತಣ. ಹನ್ನೊಂದು ವರ್ಷದ ಮಗನಿಗೆ ಜ್ವರ.

"ಮಗು ಮಹಡೀಲಿ ಮಲಗಿದೆ. ಕೆಳಗೆ ಬ್ಯಾಂಡು ಬಾರಿಸ್ತಿದ್ದಾರೆ. ಬಂದೋರ ಕೈ ಕುಲುಕಬೇಕು, ನಗಬೇಕು. ಗಂಡ ಹೆಂಡ್ತಿ ಮಧ್ಯೆ ಮಧ್ಯೆ ಮೆಟ್ಟಿಲು ಹತ್ತಿ ಹೋಗಿ ನೋಡ್ಕೊಂಡು ಬರ್ತಾರೆ. ಮತ್ತೆ ಇಳೀತಾರೆ, ಮತ್ತೆ ನಗ್ತಾರೆ. ಎರಡು ವಾರಕ್ಕೆ ಮಗು ಹೋಯ್ತು. ತಾಯಿ ಹಾಸಿಗೆ ಹಿಡಿದ್ಲು, ಮಣ್ಣಿಗೂ ಬರಲಿಲ್ಲ. ಅಪ್ಪ?" ಅವರು ಕನ್ನಡಕ ತೆಗೆದು ಶರಟಿನ ತುದಿಯಿಂದ ಒರೆಸಿದರು. "ಅಪ್ಪ ಮತ್ತೆ ಮೇಜಿನ ಮುಂದೆ ಕೂತ. ಯುದ್ಧ ಇತ್ತಲ್ಲ."

ಹಿಂದಿನ ಬೆಂಚಿನಲ್ಲಿ ಸದಾ ಗಲಾಟೆ ಮಾಡುತ್ತಿದ್ದ ಹುಡುಗರು ಕೂಡ ಅವತ್ತು ಬೆಲ್ ಹೊಡೆದ ಮೇಲೂ, "ಆಮೇಲೆ ಸರ್?" ಎಂದು ಕೇಳಿದರು.

ಎಂ.ಎ. ಮುಗಿಸಿ ನಾನೂ ಅದೇ ಕಾಲೇಜಿಗೆ ಅತಿಥಿಯಾಗಿ ಸೇರಿದೆ. ಸರ್ ಹಳೇಬೀಡಿನಿಂದ ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಬಾಣಾವರದಲ್ಲಿ ಹತ್ತುತ್ತಿದ್ದೆ. ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ನನಗಾಗಿ ಹಿಡಿದಿರುತ್ತಿದ್ದರು. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಇತಿಹಾಸ ಓದಿ ಮಗಳು ಏನು ಮಾಡುತ್ತಾಳೆಂದು ನೆಂಟರು ಹಂಗಿಸಿದಾಗ ಸರ್ ಒಂದು ಭಾನುವಾರ ನಮ್ಮ ಮನೆಗೇ ಬಂದಿದ್ದರು. ಗೋಡೆಯ ಬುದ್ಧನ ಪಟದ ಕೆಳಗೆ ಕೂತು ಕಾಫಿ ಕುಡಿದು, "ಇವಳು ಪಾಠ ಮಾಡಿದ್ರೆ ಕೇಳೋರು ಇರ್ತಾರೆ, ನೋಡ್ತಿರಿ" ಎಂದು ಅಪ್ಪನಿಗೆ ಹೇಳಿ ಹೋಗಿದ್ದರು.

ಕುರ್ಚಿಯಪ್ಪನ ವಿಷಯವನ್ನು ತರಗತಿಯಲ್ಲಿ ಅರ್ಧ ಹೇಳುತ್ತಿದ್ದರು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಮಗನ ತೋಳು ಹಿಡಿದು ನಿಂತು ಭಾಷಣ ಮಾಡುತ್ತಿದ್ದುದನ್ನು ಹೇಳುತ್ತಿದ್ದರು. ಉಳಿದರ್ಧ ನನಗೆ ಬಸ್ಸಿನಲ್ಲಿ ಸಿಕ್ಕಿತು. ಆತನ ಪೆಟ್ಟಿಗೆಯಲ್ಲಿ ಇನ್ನೊಬ್ಬ ಹೆಂಗಸಿನ ಕಾಗದಗಳು ಹೆಂಡತಿಯ ಕೈಗೆ ಸಿಕ್ಕಿದ್ದು, ಆಮೇಲೂ ಆಕೆ ಮನೆ ಬಿಡದೆ ಅವನ ಜೊತೆ ದೇಶದ ಕೆಲಸ ಮಾಡಿದ್ದು, ಆತ ಸತ್ತ ದಿನ ಆ ಇನ್ನೊಬ್ಬಳೇ ಹತ್ತಿರವಿದ್ದದ್ದು.

"ಯುರೋಪಿನಲ್ಲಿ ಗೆದ್ದ ಸುದ್ದಿಗೆ ಇನ್ನೊಂದು ತಿಂಗಳೂ ಇರ್ಲಿಲ್ಲ. ಅದನ್ನೂ ಕೇಳ್ಲಿಲ್ಲ, ಹೆಂಡ್ತಿನೂ ಪಕ್ಕದಲ್ಲಿರ್ಲಿಲ್ಲ. ದೇಶ ನಡೆಸಿದೋನ ಬಾಳು ನೋಡು" ಎಂದು ಕಿಟಕಿಯಾಚೆ ನೋಡಿದರು. ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು.

ಅವರ ಮನೆ ಹಳೇಬೀಡಿನ ಕೆರೆಯ ಕಡೆಗಿತ್ತು. ಮಕ್ಕಳಿರಲಿಲ್ಲ. ಹೆಂಡತಿ ವಿಶಾಲಕ್ಕ ರವಿಕೆ ಹೊಲಿಯುತ್ತಿದ್ದರು. ನಾನು ಹೋದಾಗಲೆಲ್ಲ ಗಂಡನ ಮೇಲೆ ದೂರು ಹೇಳಿ ನಗಿಸುವುದು ಅವರ ಪದ್ಧತಿ.

"ನಿಮ್ಮ ಸರ್‌ಗೆ ಅಮೆರಿಕದೋರ ಮನೇಲಿ ಯಾರು ಉಂಡ್ರು, ಯಾರು ಬಿಟ್ರು ಎಲ್ಲಾ ಗೊತ್ತು ಕಣೇ ತಾರಾ. ನಮ್ಮನೇಲಿ ಗ್ಯಾಸ್ ಮುಗಿದು ಎರಡು ದಿನ ಆಗೈತೆ, ಅದು ಗೊತ್ತಿಲ್ಲ."

ಸರ್ ತಲೆ ತಗ್ಗಿಸಿ ನಗುತ್ತಿದ್ದರು. ಆದರೆ ವಿಶಾಲಕ್ಕನ ಮೂತ್ರಪಿಂಡ ಕೈಕೊಟ್ಟ ಮೇಲೆ ಅವರಿಗೆ ಎಲ್ಲವೂ ಗೊತ್ತಿರುತ್ತಿತ್ತು. ವಾರಕ್ಕೆರಡು ಸಲ ಹಾಸನಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದರು. ದಿನಕ್ಕೆ ಎಷ್ಟು ನೀರು ಕುಡಿಯಬಹುದೋ ಅಷ್ಟನ್ನೇ ಬೆಳಿಗ್ಗೆ ಸಣ್ಣ ಬಾಟಲಿಗೆ ಅಳೆದಿಟ್ಟು ಬಸ್ಸು ಹತ್ತುತ್ತಿದ್ದರು.

ಆ ಹೊತ್ತಿಗೇ ನಮ್ಮ ಹೋರಾಟ ಶುರುವಾಯಿತು. ಕೆಲಸ ಖಾಯಂ ಮಾಡಿ, ಇಲ್ಲವೇ ವರ್ಷವರ್ಷವೂ ಅರ್ಜಿ ಹಾಕಿಸುವುದನ್ನಾದರೂ ನಿಲ್ಲಿಸಿ ಎಂಬುದು ಬೇಡಿಕೆ. ತಾಲ್ಲೂಕು ಕಚೇರಿಯ ಎದುರು ಶಾಮಿಯಾನ ಹಾಕಿ ಮೂವತ್ತು ಚಿಲ್ಲರೆ ಜನ ಕೂತೆವು. ಅಧ್ಯಕ್ಷರು ಯಾರು ಎಂದಾಗ ಎಲ್ಲರೂ ಸರ್ ಕಡೆ ತಿರುಗಿದರು. ಅವರು ಬೇಡವೆಂದರು. ನಾವು ಬಿಡಲಿಲ್ಲ, ನಾನಂತೂ ಕೈ ಹಿಡಿದು ಎಬ್ಬಿಸಿದೆ.

ಮೊದಲ ವಾರ ಹಬ್ಬದಂತಿತ್ತು. ವಿದ್ಯಾರ್ಥಿಗಳು ಬಂದು ಕೂತರು. ಸರ್ ಮೈಕ್ ಹಿಡಿದರೆ ಬಸ್ ಸ್ಟ್ಯಾಂಡಿನ ಕಡೆ ಹೋಗುವವರು ನಿಲ್ಲುತ್ತಿದ್ದರು. ಎರಡನೇ ವಾರ ವಿದ್ಯಾರ್ಥಿಗಳು ಕಡಿಮೆಯಾದರು. ಮೂರನೇ ವಾರ ಮೇಲಿನ ಅಧಿಕಾರಿಯೊಬ್ಬರು ಮಾತುಕತೆಗೆ ಬರುತ್ತಾರೆಂದು ಸುದ್ದಿ ಬಂತು. ಅವರು ಬರುವ ದಿನವೇ ವಿಶಾಲಕ್ಕನನ್ನು ಹಾಸನಕ್ಕೆ ಕರೆದೊಯ್ಯಬೇಕಿತ್ತು.

"ನಾಗರಾಜನ್ನ ಕಳಿಸಿದ್ದೀನಿ" ಎಂದರು ಸರ್. ನಾಗರಾಜಣ್ಣ ವಿಶಾಲಕ್ಕನ ತಮ್ಮ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. "ಇವತ್ತೊಂದು ದಿನ. ನಾನಿಲ್ಲದೆ ಇವರು ಮಾತಾಡ್ತಾರಾ?"

ಇಲ್ಲ, ಮಾತಾಡುತ್ತಿರಲಿಲ್ಲ. ನಾವು ಐವರು ಒಳಗೆ ಹೋದೆವು, ಸರ್ ಪಕ್ಕ ನಾನು ಕೂತೆ. ಮಾತು ಶುರುವಾಗಿ ಸ್ವಲ್ಪ ಹೊತ್ತಿಗೆ ಅವರ ಜೇಬಿನಲ್ಲಿ ಫೋನ್ ಅದುರಿತು. ಹೊರತೆಗೆದು ಹೆಸರು ನೋಡಿ ಕರೆ ಕತ್ತರಿಸಿದರು. ಮತ್ತೆ ಅದುರಿತು. ಅಧಿಕಾರಿ ನಗುತ್ತ, "ಅರ್ಜೆಂಟಾ ಸರ್? ಇನ್ನೊಂದು ದಿನ ಇಟ್ಕೊಳ್ಳೋಣ" ಎಂದರು. ಇನ್ನೊಂದು ದಿನ ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

"ಇಲ್ಲ, ಹೇಳಿ" ಎಂದು ಸರ್ ಫೋನ್ ಆಫ್ ಮಾಡಿದರು.

'ಎದ್ದು ಹೋಗಿ ಸರ್' ಎಂದು ನಾನು ಅನ್ನಬಹುದಿತ್ತು. ಫೋನಿನ ಮೇಲಿದ್ದ ನಾಗರಾಜಣ್ಣನ ಹೆಸರನ್ನು ನಾನೂ ಓದಿದ್ದೆ. ಅನ್ನಲಿಲ್ಲ. ನನಗೂ ಆ ಮಾತುಕತೆ ಬೇಕಿತ್ತು.

'ಪರಿಶೀಲಿಸುತ್ತೇವೆ' ಎಂಬ ಒಂದು ಬಾಯಿಮಾತಿನೊಂದಿಗೆ ಹೊರಬಂದಾಗ ಸುಮಾರು ಎರಡು ಗಂಟೆ ಕಳೆದಿತ್ತು. ಸರ್ ಫೋನ್ ಆನ್ ಮಾಡಿದಾಗ ಸುದ್ದಿ ತಿಳಿಯಿತು. ಹಾಸನದ ದಾರಿಯಲ್ಲಿ ವಿಶಾಲಕ್ಕನಿಗೆ ಉಸಿರು ಹಿಡಿದುಕೊಂಡಿತ್ತು. ಆಸ್ಪತ್ರೆ ಮುಟ್ಟಿದ ಮೇಲೂ ಒಂದಿಷ್ಟು ಹೊತ್ತು ಪ್ರಜ್ಞೆಯಿತ್ತಂತೆ. ನಾನೂ ಸರ್ ಜೊತೆ ಕಾರಿನಲ್ಲಿ ಹೋದೆ. ದಾರಿಯುದ್ದಕ್ಕೂ ಅವರು ಒಂದೇ ಒಂದು ಮಾತಾಡಿದರು: "ನೀರು ಜಾಸ್ತಿ ಕುಡಿದಳೇನೋ. ಇವತ್ತು ನಾನು ಅಳೆದಿಟ್ಟಿರಲಿಲ್ಲ."

ಆಸ್ಪತ್ರೆಯ ಮೆಟ್ಟಿಲ ಮೇಲೆ ನಾಗರಾಜಣ್ಣ ಕೂತಿದ್ದರು. ಸರ್ ಮುಖ ನೋಡಿದವರೇ, "ಭಾವಾ, ಅವ್ರೆಲ್ಲಿ, ಅವ್ರೆಲ್ಲಿ ಅಂತ ಅಕ್ಕ ಕೇಳ್ತಾನೇ ಹೋದ್ಲು. ಬತ್ತಾ ಅವ್ರೆ ಅಂತ ಸುಳ್ಳು ಹೇಳ್ದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಣ್ಣಾದ ನಾಲ್ಕನೇ ದಿನ ಸರ್ ಶಾಮಿಯಾನದಡಿ ಬಂದು ಕೂತರು. ಆ ವಾರವೇ ನೋಟಿಸು ಬಂತು. ಸೋಮವಾರದೊಳಗೆ ಕೆಲಸಕ್ಕೆ ಬರದವರ ಜಾಗಕ್ಕೆ ಹೊಸ ಅರ್ಜಿ ಕರೆಯಲಾಗುತ್ತದೆ. ಶನಿವಾರ ಇಪ್ಪತ್ತು ಜನರಿದ್ದರು. ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿದು ತಾಲ್ಲೂಕು ಕಚೇರಿಯ ರಸ್ತೆ ಬಿಟ್ಟು ಸುತ್ತು ಹಾಕಿ ಕಾಲೇಜಿಗೆ ಹೋಗಿ ಹಾಜರಿಗೆ ಸಹಿ ಹಾಕಿದೆ. ನಮ್ಮ ಮನೆಯಲ್ಲಿ ದುಡಿಯುತ್ತಿದ್ದವಳು ನಾನೊಬ್ಬಳೇ. ಅದು ನಿಜ. ಎಷ್ಟು ಸಲ ಹೇಳಿಕೊಂಡರೂ ಹಗುರಾಗದ ನಿಜ.

ಸರ್ ಇನ್ನೆರಡು ದಿನ ಒಬ್ಬರೇ ಕೂತಿದ್ದರಂತೆ. ಮೂರನೇ ದಿನ ಶಾಮಿಯಾನದವನು ಬಂದು, "ಬೇರೆ ಕಡೆ ಮದುವೆ ಐತೆ ಸಾ" ಎಂದಾಗ ತಾವೇ ಎದ್ದು ಅವನ ಜೊತೆ ಜಮಖಾನ ಸುತ್ತಿದರಂತೆ. ಹೊಸ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅಮೆರಿಕದ ಇತಿಹಾಸವನ್ನು ನನಗೆ ಕೊಟ್ಟರು.

ಅವರನ್ನು ಕೊನೆಯದಾಗಿ ಕಂಡದ್ದು ನಾಗರಾಜಣ್ಣನ ಮಂಡಿಯಲ್ಲಿ. ಕೊಬ್ಬರಿ ರಾಶಿಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತು ಚೀಲಗಳಿಗೆ ಕಟ್ಟುವ ಚೀಟಿ ಬರೆಯುತ್ತಿದ್ದರು. ಶರಟಿನ ತೋಳು ಮೊಣಕೈವರೆಗೆ ಮಡಚಿತ್ತು. ಆ ಕೈಗಳು ಅಷ್ಟು ತೆಳ್ಳಗಿರುವುದನ್ನು ನಾನು ಅವತ್ತೇ ನೋಡಿದ್ದು.

"ಬಾರಮ್ಮ. ಯಾವ ಪಾಠದಲ್ಲಿದ್ದೀಯ?"

"ಉದ್ದನೆಯಪ್ಪ, ಸರ್."

"ಹ್ಞೂಂ."

"ಸರ್, ಅವತ್ತು ನಾನು ಸಹಿ ಹಾಕಬಾರದಿತ್ತು."

"ನೀನು ಹಾಕ್ದೇ ಇದ್ರೆ ಇನ್ನೊಬ್ರು ಹಾಕ್ತಿದ್ರು. ಅದನ್ನ ತಲೇಲಿ ಇಟ್ಕೋಬೇಡ." ಚೀಟಿಯೊಂದನ್ನು ಬರೆದು ಮುಗಿಸಿದರು. "ತಪ್ಪು ನಂದು. ಅಷ್ಟು ವರ್ಷ ಅವರ ಕತೆ ಹೇಳಿ ಹೇಳಿ, ನಾನೂ ಅಂಥೋನೇ ಅಂದ್ಕೊಂಡ್ಬಿಟ್ಟೆ ಕಣಮ್ಮ. ಅವರಿಗೆ ಎದ್ದು ಹೋಗೋಕೆ ಆಗ್ತಿರ್ಲಿಲ್ಲ, ದೇಶ ಇತ್ತು. ನನಗೇನಿತ್ತು? ಎದ್ದು ಹೋಗಬಹುದಿತ್ತು."

ಒಳಗಿನಿಂದ ನಾಗರಾಜಣ್ಣ, "ಭಾವಾ, ಲಾರಿ ಬಂತು" ಎಂದು ಕೂಗಿದರು. ಸರ್ ಚೀಟಿಗಳನ್ನು ಜೋಡಿಸಿಕೊಂಡು ಎದ್ದರು. "ಕಾಫಿ ಕುಡ್ಕೊಂಡು ಹೋಗು" ಎಂದವರು ತಿರುಗಿ ನೋಡಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹನ್ನೊಂದು ದಿನಗಳ ನಂತರ, ಬಸ್ಸಿನಲ್ಲಿ ಸಿಕ್ಕ ಹಳೇಬೀಡಿನ ಹೆಂಗಸೊಬ್ಬರಿಂದ. ಬೆಳಿಗ್ಗೆ ಏಳಲಿಲ್ಲವಂತೆ. ಹೋರಾಟದ ದಿನಗಳ ವಾಟ್ಸಾಪ್ ಗುಂಪನ್ನು ನಾವು ಎಂದೋ ಅಳಿಸಿದ್ದೆವು. ಯಾರು ಯಾರಿಗೆ ಹೇಳಬೇಕು? ಕಾಲೇಜಿನಲ್ಲಿ ಸಂತಾಪ ಸಭೆ ಇಡೋಣವೆಂದು ಪ್ರಾಂಶುಪಾಲರನ್ನು ಕೇಳಿದೆ. ಅವರು ಒಳ್ಳೆಯವರು, ಹೊಸಬರು. ರಿಜಿಸ್ಟರ್ ತರಿಸಿ ನೋಡಿ, "ಈಗಿನ ಸಿಬ್ಬಂದಿಯಲ್ಲಿ ಹೆಸರಿಲ್ಲವಲ್ಲ ಮೇಡಂ. ಹೇಗೆ ಇಡೋದು?" ಎಂದು ಬೇಸರದಿಂದಲೇ ಹೇಳಿದರು.

ನಾನು ತರಗತಿಗೆ ಹೋಗಿ, ಈ ಪಾಠವನ್ನು ಮೊದಲು ಮಾಡುತ್ತಿದ್ದವರು ತೀರಿಕೊಂಡರು, ಒಂದು ನಿಮಿಷ ನಿಲ್ಲೋಣ ಎಂದೆ. ಮಕ್ಕಳು ಎದ್ದು ನಿಂತರು. ಅವರಲ್ಲಿ ಒಬ್ಬರೂ ಸರ್ ಅವರನ್ನು ಕಂಡಿರಲಿಲ್ಲ. ಕೆಲವರು ಕಣ್ಣು ಮುಚ್ಚಿದ್ದರು, ಕೆಲವರು ನನ್ನನ್ನೇ ನೋಡುತ್ತಿದ್ದರು. ನಿಮಿಷ ತುಂಬುವ ಮೊದಲೇ ಬೆಲ್ ಹೊಡೆಯಿತು. ಅವರು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟರು.