ಡ್ರಾಯರಿನಲ್ಲಿ ಮಲಗಿದ ಖಾತೆ

ಚಳ್ಳಕೆರೆಯಲ್ಲಿ ನನ್ನ ಸ್ಕೂಟರ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ಗೆ ಎರಡು ಬ್ಯಾಂಕ್ ಖಾತೆಗಳಿದ್ದವು. ಖರ್ಚಿನ ಖಾತೆಯ ಸ್ಕ್ಯಾನರ್ ಗೋಡೆಯ ಮೇಲೆ, ಉಳಿತಾಯದ್ದು ಡ್ರಾಯರಿನಲ್ಲಿ ಬೋರಲು. ಉಳಿತಾಯದಿಂದ ಕೈಸಾಲ ಕೊಡೆಂದು ಯಾರೇ ಕೇಳಲಿ, ತುಟಿಗೆ ಬೆರಳಿಟ್ಟು, "ಮಗು ಮಲಗೈತ್ರಿ, ಎಬ್ಬಿಸಬ್ಯಾಡ್ರಿ" ಎನ್ನುತ್ತಿದ್ದ.

ಒಮ್ಮೆ ಅವನ ಮಗಳು ಗ್ಯಾರೇಜಿಗೆ ಓಡಿ ಬಂದಳು. ನರ್ಸಿಂಗ್ ಸೀಟಿನ ಫೀಸು ಕಟ್ಟಲು ಸಂಜೆ ಐದರವರೆಗೆ ಮಾತ್ರ ಸಮಯವಿತ್ತು. ಖರ್ಚಿನ ಖಾತೆ ಖಾಲಿಯಾಗಿತ್ತು.

"ಅಬ್ಬಾ, ನಿಮ್ ಮಗು ತಾನಾಗೇ ಏಳುತ್ತಾ, ನಾನೇ ಕೂಗ್ಲಾ?" ಎಂದು ಅಪ್ಪನನ್ನು ಕೇಳಿದಳು.

ಅವನು ಗ್ರೀಸ್ ಕೈ ಒರೆಸಿಕೊಂಡು, ಮೊಬೈಲಿಗೆ ಮೆಲ್ಲಗೆ "ಏಳು ಕಂದಾ" ಎಂದು ಪಿನ್ ಒತ್ತಿದ. ಸೀಟು ಉಳಿಯಿತು.

ಮರುದಿನ ರಿಪೇರಿ ಹಣ ಕೊಡಲು ನಾನು ಗೋಡೆಯತ್ತ ಫೋನ್ ಹಿಡಿದೆ. ಅವನು ಡ್ರಾಯರ್ ಎಳೆದು ಒಳಗಿನ ಸ್ಕ್ಯಾನರನ್ನು ಮುಂದಿಟ್ಟ.

"ಇದಕ್ಕೆ ಹಾಕ್ರಿ ಮೇಷ್ಟ್ರೇ. ಹಸಿದ್ರೆ ಮತ್ತೆ ಮಲಗಲ್ಲ."