ಬಾಯಿ ಹೊಲಿಯದ ದಿಂಬು

ನನ್ನ ಯಜಮಾನರು ಹಾಸಿಗೆ ಹೊಲಿಯುತ್ತಿದ್ದರು. ಬೀದಿಯವರೆಲ್ಲ ಹತ್ತಿಯಣ್ಣ ಅನ್ನುತ್ತಿದ್ದರು. ಗಿರಾಕಿಗಳ ಮನೆಗೇ ಹೋಗಿ, ಗಂಟುಗಟ್ಟಿದ ಹಳೆ ಹತ್ತಿ ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದು ಬರುವುದು ಅವರ ಕೆಲಸ. ಸಂಜೆ ಬಾಗಿಲಲ್ಲಿ ನಿಂತರೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಹಿಂದಿನಿಂದ ಬಿಸಿಲು. ಮೋಡವೊಂದು ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ ಕಾಣುತ್ತಿತ್ತು. ಈಗಲೂ ಮಧ್ಯಾಹ್ನ ಕಣ್ಣು ಹತ್ತಿದರೆ ಹಾಗೇ ಬರುತ್ತಾರೆ. ಮಾತಾಡುವುದಿಲ್ಲ. ಕೋಣೆ ತುಂಬ ಹತ್ತಿ ಹಾರುತ್ತದೆ, ನೆಲಕ್ಕೆ ಬೀಳುವುದೇ ಇಲ್ಲ.

ಆಗೆಲ್ಲ ಕೆಲಸದಿಂದ ಬರುವಾಗ ಕೈಯಲ್ಲೊಂದು ಪೊಟ್ಟಣ ಇರುತ್ತಿತ್ತು.

"ಏನ್ರೀ ಇದು?"

"ಗಿರಾಕಿ ಮನೇಲಿ ಮಿಕ್ಕಿದ್ದು ಕೊಟ್ರು ಕಣೇ. ನಾನು ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದೆ. ನೀನೂ ಮಗಳೂ ತಿನ್ನಿ."

ತಿಂದೆವು. ಮನೆಯ ಡಬ್ಬಿಗಳು ಬರಿದಾದ ದಿನಗಳೇ ಜಾಸ್ತಿ. ಕೇಳುತ್ತಾ ಕೂರಲಿಲ್ಲ.

ಅವರಿಗೆ ಎದೆಯ ಕಾಯಿಲೆ ಬಂತು. ದೊಡ್ಡಾಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಕೆಂಪು ಮಾತ್ರೆ, ದಿನಕ್ಕೆರಡು, ಎಂಟು ತಿಂಗಳು. ನಡುವೆ ಬಿಟ್ಟರೆ ಜೀವ ಉಳಿಯಲ್ಲ ಅಂತ ನರ್ಸಮ್ಮ ಕಣ್ಣು ದೊಡ್ಡದು ಮಾಡಿ ಹೇಳಿದರು. ಊಟ ಆದಮೇಲೆ ತಗೋಬೇಕು, ಬರೀ ಹೊಟ್ಟೇಲಿ ತಗೊಂಡ್ರೆ ವಾಂತಿ ಆಗುತ್ತೆ ಅಂದರು. ಊಟ ಇದೆಯಾ ಅಂತ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಮೊದಲ ವಾರ ಒಂದು ಮನೆಯಲ್ಲಿ ಮಾತ್ರೆ ನುಂಗಿ, ಹೊಸ ಹತ್ತಿಯ ಮೇಲೇ ವಾಂತಿ ಮಾಡಿಕೊಂಡರು. ಆ ಕೆಲಸ ಹೋಯಿತು. "ತಿಂದಿದ್ದು ಒಗ್ಗಲಿಲ್ಲ ಕಣೇ" ಅಂದರು. ನಂಬಿದೆ.

ದಿನಾ ಬೆಳಿಗ್ಗೆ ಮಾತ್ರೆ ಪಟ್ಟಿಯಿಂದ ಎರಡು ಕತ್ತರಿಸಿ ಅವರ ಜೇಬಿಗೆ ನಾನೇ ಹಾಕುತ್ತಿದ್ದೆ. ಸಂಜೆ ಜೇಬು ಖಾಲಿ. ಆಸ್ಪತ್ರೆಯಲ್ಲಿ "ತಪ್ಪದೆ ತಗೋತಿದ್ದಾರಾ?" ಅಂದರೆ ಅವರು ಬಾಯಿ ತೆರೆಯುವ ಮೊದಲೇ "ನಾನೇ ಕೊಡೋದು" ಅನ್ನುತ್ತಿದ್ದೆ. ಜಂಬ ಬೇರೆ.

ಆಗಲೇ ಚೂರುಪಾರು ಹತ್ತಿ ಸೇರಿಸಿ ತಮಗೊಂದು ದಿಂಬು ಮಾಡಿಕೊಂಡರು. ಮಗಳು ಕೇಳಿದರೂ ಕೊಡಲಿಲ್ಲ. ಮೂಲೆಯಲ್ಲಿ ನಾಲ್ಕು ಬೆರಳಗಲ ಹೊಲಿಗೆ ಹಾಕಿರಲಿಲ್ಲ.

"ಊರವರ ದಿಂಬಿಗೆಲ್ಲ ಹೊಲಿಗೆ ಹಾಕ್ತೀರ, ನಿಮ್ಮದು ಬಾಯಿ ಬಿಟ್ಕೊಂಡಿದೆಯಲ್ರೀ."

"ಇರಲಿ ಬಿಡೇ. ಈ ಮನೇಲಿ ಬಾಯಿ ಬಿಡೋರು ಒಬ್ಬರಾದ್ರೂ ಬೇಕಲ್ಲ."

ನಕ್ಕೆವು. ನಗುತ್ತಲೇ ಅವರಿಗೆ ಕೆಮ್ಮು ಹತ್ತಿತು.

ಐದನೇ ತಿಂಗಳಲ್ಲಿ ಹೋದರು. ಅಷ್ಟು ಮಾತ್ರೆ ತಿಂದೂ ಯಾಕೆ ಹೋದರು ಅಂತ ಆಸ್ಪತ್ರೆಯವರಿಗೆ ಮನಸಾರೆ ಶಾಪ ಹಾಕಿದೆ.

ಒಂದು ದಿನ ಗಿರಾಕಿಯಮ್ಮ ಒಬ್ಬರು ನೋಡಲು ಬಂದರು. "ಬಂಗಾರದಂಥ ಮನುಷ್ಯ ಕಣಮ್ಮ. ತಟ್ಟೆಗೆ ಬಡಿಸಿದ್ರೆ 'ಕಟ್ಕೊಡಿ ತಾಯಿ' ಅಂತಿದ್ರು. ನಮ್ಮನೇಲಿ ಒಂದು ತುತ್ತು ಬಾಯಿಗಿಟ್ಟವರಲ್ಲ."

ಗಿರಾಕಿಯಮ್ಮ ಎದ್ದು ಹೋದಮೇಲೆ ಯಜಮಾನರ ಆ ದಿಂಬಿಗೆ ಮುಖ ಒತ್ತಿದೆ. ಕೆನ್ನೆಗೇನೋ ಚುಚ್ಚಿತು. ತೆರೆದ ಮೂಲೆಯೊಳಗೆ ಕೈ ಹಾಕಿದೆ. ಬೆಳ್ಳನೆ ಹತ್ತಿಯ ನಡುವೆ ಮಾತ್ರೆಗಳು, ಕೆಂಪಗೆ, ಜೋಡಿ ಜೋಡಿಯಾಗಿ, ಮೊಳೆಯದ ಬೀಜಗಳ ಹಾಗೆ. ನಾವು ತಿಂದ ಒಂದೊಂದು ಪೊಟ್ಟಣಕ್ಕೂ ಒಂದೊಂದು ಜೋಡಿ.

ಮರುದಿನ ಬಟ್ಟೆಯಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಅದೇ ನರ್ಸಮ್ಮ. ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದೆ.

"ವಾಪಸ್ ತಗೊಳ್ಳಲ್ಲಮ್ಮ."

"ವಾಪಸ್ ಕೊಡೋಕೆ ಬಂದಿಲ್ಲ. ಮಾತ್ರೆ ತಗೊಂಡ್ರಾ ಅಂತ ಕೇಳ್ತೀರಲ್ಲ, ಅದಕ್ಕೆ ಮುಂಚೆ ಏನು ತಿಂದ್ರಿ ಅಂತ ಕೇಳಿ. ಪಕ್ಕದಲ್ಲಿರೋ ಹೆಂಡತೀನ ಆಚೆ ಕಳಿಸಿ ಕೇಳಿ."

ನರ್ಸಮ್ಮ ಮಾತ್ರೆಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನೀವು ಏನು ತಿಂದ್ರಿ?"

ಹೊಟ್ಟೆ ತುಂಬ ಆಯ್ತು ಅಂತ ನಾಲಿಗೆ ತುದಿಗೆ ಬಂತು. ಕಿಟಕಿಯ ಬಿಸಿಲಲ್ಲಿ, ನಾನು ತಂದ ಗಂಟಿನಿಂದಲೇ ಎದ್ದ ಒಂದೆಳೆ ಹತ್ತಿ ಮೇಲಕ್ಕೆ ಹೋಗುತ್ತಿತ್ತು. ಅದನ್ನೇ ನೋಡುತ್ತಾ ನಿಂತೆ.

"ನಿನ್ನೆಯಿಂದ ಏನೂ ಇಲ್ಲ" ಅಂದೆ.